ಒಂಬತ್ತು ಸಾಲು ಉಳಿಸಿದ ವಿಮರ್ಶೆ

ಗದಗ
ಫೆಬ್ರುವರಿ ೩೦, ೨೧೮೭

ಈ ದಿನಾಂಕ ನೋಡಿ ನಗಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಫೆಬ್ರುವರಿಗೂ ಮೂವತ್ತು ದಿನ. ನನ್ನ ಕನ್ನಡ ನಿಮ್ಮ ಕಿವಿಗೆ ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ಹೊಸ ಕವನ ಸಂಕಲನಗಳ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವ ನಿಮಗೆ, ಅದೇ ಕೆಲಸ ಮಾಡುವ ಶಾಂಭವಿ ಹೂಗಾರ ಬರೆಯುತ್ತಿರುವ ಪತ್ರವಿದು.

ನಾನು ಇಲ್ಲಿನ ಉಳಿಕೆಮನೆಯಲ್ಲಿದ್ದೇನೆ. ನಿಮ್ಮ ನಂತರ ಬಂದ ಮೂವತ್ತು ವರ್ಷಗಳನ್ನು ನಾವು ಮಸುಕು ಎನ್ನುತ್ತೇವೆ. ಆಗ ಯಂತ್ರಗಳಲ್ಲಿ ಕೂಡಿಟ್ಟದ್ದೆಲ್ಲ ಅಳಿಸಿಹೋಯಿತು. ಕಾಗದದ ಪುಸ್ತಕಗಳನ್ನು ಕಾಯುವವರೂ ಇರಲಿಲ್ಲ. ಪಾರಾಗಿ ಬಂದದ್ದನ್ನು ಜೋಡಿಸಿಡುವ ಮನೆ ಇದು. ಬೆಳಿಗ್ಗೆ ಗೆದ್ದಲು ತಿಂದ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಗಾಜಿನ ನಡುವೆ ಇಡುತ್ತೇನೆ. ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ನಮ್ಮ ಕಾಲದ ಹೊಸ ಸಂಕಲನಗಳನ್ನು ಓದಲು ಕೂರುತ್ತೇನೆ. ಪತ್ರಿಕೆಗೆ ವಾರಕ್ಕೊಂದು ವಿಮರ್ಶೆ ಕೊಡಬೇಕು.

ಹೋದ ತಿಂಗಳು ಇಂದ್ರವ್ವ ಬಡಿಗೇರ ಎಂಬುವವರು ಬಂದರು. ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿ ಅವರ ಕೆಲಸ. ಅವರ ಮುತ್ತಜ್ಜಿಯ ತಾಯಿ ಗಿರಿಜಾ ನಿಮ್ಮ ಕಾಲದಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಒಂದೇ ಒಂದು ಕವನ ಸಂಕಲನ ಹೊರತಂದಿದ್ದರಂತೆ.

“ಅಕಿ ಹ್ಯಾಂಗ ಬರೀತಿದ್ಲು ಅನ್ನೂದು ಗೊತ್ತಾಗಬೇಕ್ರಿ. ಒಂದ ಸಾಲು ಸಿಕ್ರೂ ಸಾಕು,” ಎಂದರು.

ನಾಲ್ಕು ದಿನ ಹುಡುಕಿದೆವು. ಪುಸ್ತಕ ಸಿಗಲಿಲ್ಲ. ಅದರ ಬಗ್ಗೆ ಬಂದಿದ್ದ ಮೂರು ವಿಮರ್ಶೆಗಳು ಸಿಕ್ಕವು. ಮೊದಲನೆಯದು ಗಿರಿಜಾರನ್ನು ‘ಭರವಸೆಯ ಕವಯಿತ್ರಿ’ ಎಂದಿತ್ತು. ಎರಡನೆಯದರಲ್ಲಿ ‘ಅನುಭವ ದಟ್ಟವಾಗಿದೆ, ಭಾಷೆಯ ಮೇಲೆ ಇನ್ನಷ್ಟು ಹಿಡಿತ ಬೇಕು’ ಎಂದಿತ್ತು. ಎರಡರಲ್ಲೂ ಗಿರಿಜಾರ ಒಂದು ಪದವೂ ಇರಲಿಲ್ಲ. ನಾನು ಎರಡನ್ನೂ ಓದಿ ಹೇಳಿದ ಮೇಲೆ ಇಂದ್ರವ್ವ ಕೇಳಿದರು:

“ಇದನ್ನ ಯಾರ ಮ್ಯಾಲರ ಬರೀಬಹುದಲ್ರಿ?”

ನನಗೆ ಮುಖವೆತ್ತಲಾಗಲಿಲ್ಲ. ದಾವಲಬಿ ನದಾಫ ಎಂಬ ಹೊಸ ಕವಿಯ ಮೊದಲ ಸಂಕಲನದ ಮೇಲೆ ಆ ಬೆಳಿಗ್ಗೆಯೇ ನಾನು ಬರೆದು ಕಳಿಸಿದ್ದೆ. ಓದಿದ್ದು ಹನ್ನೆರಡು ಪುಟ. ಬರೆದದ್ದು ಹೆಚ್ಚುಕಡಿಮೆ ಇದೇ ಮಾತು.

ಮೂರನೆಯ ವಿಮರ್ಶಕನಿಗೆ ಪುಸ್ತಕ ಹಿಡಿಸಿರಲಿಲ್ಲ. ಇದು ಕವಿತೆಯೇ ಎಂದು ಸಿಟ್ಟಿನಿಂದ ಕೇಳಿ, ತನ್ನ ಮಾತಿಗೆ ಪುರಾವೆಯಾಗಿ ಒಂಬತ್ತು ಸಾಲು ಇಳಿಸಿಕೊಂಡಿದ್ದ. ಕೊನೆಯ ಮೂರು ಇವು:

ನಿಂತವರಿಗೆಲ್ಲ ಜಾಗ ಮಾಡಿಕೊಟ್ಟೆ,
ನಾನು ಕೂತದ್ದು
ಬಸ್ಸು ಕೆಟ್ಟುನಿಂತ ದಿನ ಮಾತ್ರ.

ಇಂದ್ರವ್ವ ಗಾಜಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. “ನಮ್ಮವ್ವನೂ ಹಿಂಗ ಮಾತಾಡ್ತಿದ್ಲು,” ಎಂದಷ್ಟೇ ಹೇಳಿ, ಒಂಬತ್ತೂ ಸಾಲನ್ನು ಬರೆದುಕೊಂಡು ಹೋದರು.

ನಾನು ಅವತ್ತೇ ಸಂಪಾದಕರ ಬಳಿ ಹೋಗಿ ನನ್ನ ವಿಮರ್ಶೆಯನ್ನು ವಾಪಸು ಕೇಳಿದೆ. ಪುಟ ಕಟ್ಟಿಯಾಗಿದೆ, ಹೊಗಳಿದ್ದೀರಲ್ಲ, ಯಾರಿಗೇನು ತೊಂದರೆ ಎಂದರು. ಓದದೆ ಬರೆದದ್ದು ನನ್ನ ಹೆಸರಿನಲ್ಲಿ ಬರಕೂಡದು ಎಂದೆ. ಆ ವಾರ ನನ್ನ ಅಂಕಣ ಖಾಲಿ ಹೋಯಿತು. ಮೂರು ದಿನ ಕೂತು ದಾವಲಬಿಯವರ ಎಲ್ಲ ಕವಿತೆಗಳನ್ನೂ ಓದಿದೆ. ಅರ್ಧದಷ್ಟು ಸಪ್ಪೆಯಾಗಿದ್ದವು, ಯಾಕೆಂದು ಸಾಲು ಎತ್ತಿ ತೋರಿಸಿ ಬರೆದೆ. ನಲವತ್ತೇಳನೆಯ ಪುಟದ ಕವಿತೆ ಓದಿ ಎದ್ದು ಓಡಾಡುವಂತಾಯಿತು. ಅದನ್ನು ಇಡಿಯಾಗಿ ಇಳಿಸಿದೆ.

ವಿಮರ್ಶೆ ಬಂದ ಮರುದಿನ ದಾವಲಬಿ ಬಂದರು. ಮುಖ ಬಿಗಿದಿತ್ತು. ಯಾವ ಕವಿತೆಗೆ ಏನೆಂದಿದ್ದೇನೆ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಒಂದು ತಾಸು ನನ್ನೊಡನೆ ವಾದ ಮಾಡಿದರು. ಎರಡು ಕಡೆ ನಾನೇ ತಪ್ಪು ಒಪ್ಪಿಕೊಂಡೆ. ಹೊರಡುವಾಗ ಬಾಗಿಲಲ್ಲಿ ನಿಂತರು.

“ಸಿಟ್ಟು ಇನ್ನೂ ಇಳಿದಿಲ್ರಿ. ಆದ್ರ ನಲವತ್ತೇಳನೇ ಪುಟದ ತನಕ ಯಾರೂ ಬಂದಿದ್ದಿಲ್ಲ.”

ಅಂದಿನಿಂದ ಕೊನೆಯ ಪುಟ ಮುಟ್ಟದೆ ನಾನು ಪೆನ್ನು ಹಿಡಿದಿಲ್ಲ, ಹಿಡಿಯುವುದೂ ಇಲ್ಲ. ನಿಮ್ಮಲ್ಲಿ ಕೇಳುವುದೂ ಇಷ್ಟೇ. ಪೂರ್ತಿ ಓದಿ. ಹಿಡಿಸದಿದ್ದರೆ ಹಿಡಿಸಲಿಲ್ಲವೆನ್ನಿ, ಆದರೆ ಕವಿಯ ನಾಲ್ಕು ಸಾಲನ್ನು ಅವರ ಮಾತಿನಲ್ಲೇ ಬರೆದಿಡಿ. ನಿಮ್ಮ ಕಾಲದ ಇನ್ನೂರಕ್ಕೂ ಹೆಚ್ಚು ಕವಿಗಳು ನಮಗೆ ಬರೀ ಹೆಸರಾಗಿ ಉಳಿದಿದ್ದಾರೆ. ಅವರ ಪುಸ್ತಕಗಳು ಈಗ ನಿಮ್ಮ ಮೇಜಿನ ಮೇಲಿವೆ.

ಶಾಂಭವಿ ಹೂಗಾರ