ಆಯುಧಪೂಜೆಗೆ ಮುಂಚೆ ಆ ಒಂಬತ್ತು ಮನೆಗಳಿಗೆ ತಿಳಿಸಿ

ಯಂತ್ರಚಾಲಿತ ಗಾಲಿಕುರ್ಚಿಗಳನ್ನು ನಮಗೆ ಹಂಚಿದ ಕಚೇರಿಯ ಮುಖ್ಯಾಧಿಕಾರಿಗಳಿಗೆ

ನಂಗಲಿ, ಸೆಪ್ಟೆಂಬರ್ 2007

ಮಾನ್ಯರೇ,

ಆಯುಧಪೂಜೆಗೆ ಇನ್ನು ಇಪ್ಪತ್ತಮೂರು ದಿನ ಉಳಿದಿದೆ. ಅಷ್ಟರೊಳಗೆ ನೀವು ಒಂಬತ್ತು ಮನೆಗಳಿಗೆ ಒಂದು ಎಚ್ಚರಿಕೆಯ ಮಾತು ತಲುಪಿಸಬೇಕು. ತಲುಪಿಸದಿದ್ದರೆ ಅವುಗಳಲ್ಲಿ ಯಾವುದೋ ಒಂದು ಮನೆಯ ಅಂಗಳದಲ್ಲಿ, ಹಬ್ಬದ ದಿನ, ಎಲ್ಲರೂ ನೋಡುತ್ತಿರುವಂತೆಯೇ ಒಂದು ಜೀವ ಹೋಗಬಹುದು. ಇದು ಬೆದರಿಕೆಯಲ್ಲ, ಭಯ. ಆ ಒಂಬತ್ತು ಮನೆಗಳು ಯಾವುವೆಂದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತು. ಹೆಸರು, ಊರು, ಬಾಗಿಲ ಸಂಖ್ಯೆ ಎಲ್ಲವೂ ಇರುವ ಪಟ್ಟಿ ನಿಮ್ಮ ಬೀರುವಿನಲ್ಲಿದೆ. ಅದನ್ನು ಎರಡು ಸಲ ಬರೆದು ಕೇಳಿದೆ, ಎಷ್ಟೋ ಸಲ ಫೋನು ಮಾಡಿ ಕೇಳಿದೆ. ನೀವು ಕೊಡಲಿಲ್ಲವಾದ್ದರಿಂದ ಈಗ ಈ ಬಹಿರಂಗ ಪತ್ರದಲ್ಲಿ, ಊರಿಗೆಲ್ಲ ಕೇಳುವಂತೆ ಕೇಳುತ್ತಿದ್ದೇನೆ.

ನಾನು ನಂಗಲಿಯಲ್ಲಿ, ಹೆದ್ದಾರಿಯ ಬದಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಟೈಪಿಂಗ್ ಕಲಿಸುವವಳು. ಮೂರನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಎರಡೂ ಕಾಲು ಸೋತವು. ಅಲ್ಲಿಂದ ಮೂವತ್ತಾರು ವರ್ಷ ನಮ್ಮಮ್ಮ ತುಳಸಮ್ಮ ಎತ್ತಿದರೆ ಎದ್ದೆ, ಕೂರಿಸಿದರೆ ಕೂತೆ. ಕಳೆದ ವರ್ಷದ ಆರಂಭದಲ್ಲಿ ಕೋಲಾರದ ಸಮಾರಂಭವೊಂದರಲ್ಲಿ ನೀವು ಹನ್ನೊಂದು ಜನರಿಗೆ ಬ್ಯಾಟರಿಯಿಂದ ಓಡುವ ಗಾಲಿಕುರ್ಚಿ ಕೊಟ್ಟಿರಿ. ಹನ್ನೊಂದರಲ್ಲಿ ಒಂದು ನನ್ನದಾಯಿತು. ಬಲಗೈ ಆನಿಸುವ ಕಡೆ ಒಂದು ಸಣ್ಣ ಪೆಟ್ಟಿಗೆ, ಅದರ ಮೇಲೆ ಹೆಬ್ಬೆರಳುದ್ದದ ಒಂದು ಸ್ಟಿಕ್ಕು. ಅದನ್ನು ಎತ್ತ ಒತ್ತಿದರೆ ಕುರ್ಚಿ ಅತ್ತ ಹೋಗುತ್ತದೆ, ಬೆರಳು ತೆಗೆದರೆ ನಿಲ್ಲುತ್ತದೆ. ಮನೆಗೆ ತಂದ ಮಾರನೆಯ ದಿನ ನಾನು ಯಾರಿಗೂ ಹೇಳದೆ ಹೊರಟು ಪಕ್ಕದ ಸುಬ್ಬರಾಯಪ್ಪನವರ ಟೀ ಅಂಗಡಿಯ ಮುಂದೆ ಹೋಗಿ ನಿಂತೆ. ಒಂದು ಟೀ ಕೊಡಿ ಎಂದೆ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಒಬ್ಬಳೇ ಹೋಗಿ ಕುಡಿದ ಮೊದಲ ಟೀ ಅದು. ನಿಮಗೆ ಕೃತಜ್ಞತೆ ಹೇಳಲು ಮರೆತಿದ್ದೇನೆಂದು ತಿಳಿಯಬೇಡಿ. ಅದನ್ನು ಇಲ್ಲಿಯೇ, ಮನಸಾರೆ ಹೇಳಿಬಿಡುತ್ತಿದ್ದೇನೆ, ಮುಂದೆ ಹೇಳುವುದಕ್ಕೆ ನಾಲಿಗೆ ಸಡಿಲವಾಗಲಿ ಎಂದು.

ಆ ಸಮಾರಂಭದಲ್ಲಿ ನೀವು ಇಪ್ಪತ್ತು ನಿಮಿಷ ಮಾತನಾಡಿದಿರಿ. ಬ್ಯಾಟರಿಗೆ ಎಷ್ಟು ಹೊತ್ತು ಕರೆಂಟು ಕೊಡಬೇಕೆಂದು ಹೇಳಲಿಲ್ಲ. ಇಳಿಜಾರಿನಲ್ಲಿ ಹೇಗೆ ಹೋಗಬೇಕೆಂದು ಹೇಳಲಿಲ್ಲ. ಕೆಟ್ಟರೆ ಯಾರನ್ನು ಕೇಳಬೇಕೆಂದೂ ಹೇಳಲಿಲ್ಲ. ಹೇಳಿದ್ದು ಇಷ್ಟು: “ಇದು ಬರೀ ಕುರ್ಚಿಯಲ್ಲ, ನಿಮ್ಮ ವಾಹನ. ಮನೆಯ ವಾಹನವನ್ನು ಹೇಗೆ ನೋಡಿಕೊಳ್ಳುತ್ತೀರೋ ಇದನ್ನೂ ಹಾಗೆಯೇ ನೋಡಿಕೊಳ್ಳಿ.” ನಾವು ಚಪ್ಪಾಳೆ ತಟ್ಟಿದೆವು. ಕುರ್ಚಿಯ ಜೊತೆ ಒಂದು ಪುಸ್ತಿಕೆ ಕೊಟ್ಟಿರಿ. ನಾನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಟೈಪಿಂಗ್ ಕಲಿಸುತ್ತೇನೆ. ಆ ಪುಸ್ತಿಕೆ ಎರಡರಲ್ಲೂ ಇರಲಿಲ್ಲ. ಯಾವ ದೇಶದ ಲಿಪಿಯೋ, ಒಂದೊಂದು ಅಕ್ಷರವೂ ಒಂದೊಂದು ರಂಗೋಲಿ. ನಮ್ಮಮ್ಮ ಅದನ್ನು ಪಂಚಾಂಗದ ಜೊತೆ ಭದ್ರವಾಗಿಟ್ಟಳು.

ನೀವು ಈ ಜಿಲ್ಲೆಯಲ್ಲಿ ಎಷ್ಟು ವರ್ಷದಿಂದ ಇದ್ದೀರೋ ನನಗೆ ತಿಳಿಯದು. ಒಂದು ಆಯುಧಪೂಜೆಯನ್ನಾದರೂ ನೋಡಿರಬೇಕಲ್ಲವೇ? ಮಾಲೂರಿನಿಂದ ಮುಳಬಾಗಿಲಿನವರೆಗೆ, ಸೈಕಲ್ಲಿನಿಂದ ಹಿಡಿದು ಹತ್ತು ಚಕ್ರದ ಲಾರಿಯವರೆಗೆ, ಆ ದಿನ ನಮ್ಮ ಜನ ವಾಹನವನ್ನು ಹೇಗೆ ನೋಡಿಕೊಳ್ಳುತ್ತಾರೆ? ಬೆಳಗ್ಗೆ ಎದ್ದು ನೀರು ಹಾಕಿ ತೊಳೆಯುತ್ತಾರೆ. ನಿಮ್ಮ ಕಚೇರಿಯ ಜೀಪನ್ನೂ ತೊಳೆದು, ಹಾರ ಹಾಕಿ, ನಿಮಗೆ ಒಂದು ಪೊಟ್ಟಣ ಪುರಿ ಕೊಟ್ಟಿರುತ್ತಾರೆ. ಹಾಗಿರುವಾಗ ನಮಗೆ ವಾಹನವೆಂದು ಹೇಳಿ ಕಳಿಸಿದಿರಲ್ಲ, ನಾವು ಇನ್ನೇನು ಮಾಡಬೇಕಿತ್ತು?

ಕಳೆದ ವರ್ಷ ಆಯುಧಪೂಜೆಯ ಬೆಳಗ್ಗೆ ಅಮ್ಮ ಮೊದಲು ನನ್ನ ಆರು ಟೈಪ್‌ರೈಟರುಗಳನ್ನು ಒಣಬಟ್ಟೆಯಿಂದ ಒರೆಸಿದಳು. ಅವುಗಳಿಗೆ ನೀರು ತಾಗಬಾರದೆಂದು ಅವಳಿಗೆ ಗೊತ್ತು, ಮಾರಿದವನು ಹೇಳಿಕೊಟ್ಟಿದ್ದ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕುರ್ಚಿಗೆ ಎರಡು ಬಕೆಟ್ ನೀರು ಹಾಕಿದಳು. ಪೆಟ್ಟಿಗೆಯ ಸಂದಿಯಲ್ಲಿ ಕೂತ ಧೂಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮೇಲೆ ಇನ್ನೆರಡು ಚೊಂಬು ಸುರಿದಳು. ನಾನು ಕಟ್ಟೆಯ ಮೇಲೆ ಕೂತು, “ಅಮ್ಮಾ, ಆ ಕಡೆ ಇನ್ನೂ ಮಣ್ಣಿದೆ ನೋಡು” ಎಂದು ತೋರಿಸಿದವಳು. ಅದನ್ನೂ ಮುಚ್ಚಿಡುವುದಿಲ್ಲ. ಸ್ಟಿಕ್ಕಿಗೆ ಕುಂಕುಮ ಇಟ್ಟಳು, ಪೆಟ್ಟಿಗೆಗೆ ಸೇವಂತಿಗೆ ಹಾರ ಸುತ್ತಿದಳು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ನನ್ನನ್ನು ಹೊಸ ಸೀರೆಯಲ್ಲಿ ಕೂರಿಸಿ, ಆರತಿ ತಟ್ಟೆ ಹಿಡಿದು ಎದುರಿಗೆ ನಿಂತು, “ಈಗ ಒಂಚೂರು ಮುಂದಕ್ಕೆ ಬಿಡೇ” ಎಂದಳು.

ಬಿಟ್ಟೆ. ನಿಂಬೆಹಣ್ಣು ಪಚ್ಚೆಂದು ಒಡೆಯಿತು. ಬೆರಳು ತೆಗೆದೆ. ಕುರ್ಚಿ ನಿಲ್ಲಲಿಲ್ಲ.

ಮಾನ್ಯರೇ, ಆ ಹೊತ್ತನ್ನು ನಿಮಗೆ ಹೇಗೆ ತಿಳಿಸಲಿ? ನನ್ನ ಕೈ ಮಡಿಲಲ್ಲಿದೆ, ಕುರ್ಚಿ ಹೋಗುತ್ತಿದೆ. ಸ್ಟಿಕ್ಕನ್ನು ಹಿಂದಕ್ಕೆ ಎಳೆದೆ, ಕೇಳಲಿಲ್ಲ. ಆಫ್ ಗುಂಡಿಯನ್ನು ಒತ್ತಿದೆ, ಮತ್ತೆ ಮತ್ತೆ ಒತ್ತಿದೆ, ಕೇಳಲಿಲ್ಲ. ನಮ್ಮ ಅಂಗಳ ಹೆದ್ದಾರಿಯ ಕಡೆಗೆ ಇಳಿಜಾರು. ಆಂಧ್ರದ ಕಡೆಯಿಂದ ಬರುವ ಲಾರಿಗಳು ಅವತ್ತು ಬಾಳೆಕಂದು ಕಟ್ಟಿಕೊಂಡು, ಹಾರ್ನ್ ಹಾಕಿಕೊಂಡು ಹಬ್ಬದ ಹುಮ್ಮಸ್ಸಿನಲ್ಲಿ ಓಡುತ್ತಿದ್ದವು. ಇಳಿದು ಓಡುವ ಕಾಲು ನನಗಿಲ್ಲ. ಮಗುವಿನಂತೆ ಅಮ್ಮಾ ಎಂದು ಕಿರುಚಿದೆ.

ಎಪ್ಪತ್ತು ದಾಟಿದ ನಮ್ಮಮ್ಮ ಪಕ್ಕಕ್ಕೆ ಸರಿಯಬಹುದಿತ್ತು. ಅವಳು ಆರತಿ ತಟ್ಟೆ ಎಸೆದು, ಹಗ್ಗ ಬಿಚ್ಚಿಕೊಂಡ ಕರುವನ್ನು ತಡೆಯುವಂತೆ ಎರಡೂ ಕೈ ಚಾಚಿ ಅಡ್ಡ ನಿಂತಳು. ಕಾಲಿಡುವ ಕಬ್ಬಿಣದ ಹಲಗೆ ಅವಳ ಮೊಣಕಾಲಿಗೆ ಬಡಿಯಿತು. ಅವಳು ಬಿದ್ದಳು. ಹಲಗೆ ಅವಳ ತೊಡೆಯ ಮೇಲೆ ಹತ್ತಿ ಸಿಕ್ಕಿಕೊಂಡಿತು. ಕುರ್ಚಿ ಅಲ್ಲೇ ನಿಂತಿತು, ಆದರೆ ಹಿಂದಿನ ಚಕ್ರಗಳು ಮಣ್ಣು ಕೆದರುತ್ತ ಇನ್ನೂ ತಿರುಗುತ್ತಿದ್ದವು. ನಾನು ನನ್ನ ತಾಯಿಯ ಮೇಲೆ ಕೂತಿದ್ದೆ, ಮತ್ತು ನನ್ನ ವಾಹನ ಅವಳನ್ನು ದಾಟಿ ಹೋಗಲು ತಿಣುಕುತ್ತಿತ್ತು.

ಸುಬ್ಬರಾಯಪ್ಪನವರು “ಆಪಮ್ಮಾ, ಆಪು” ಎಂದು ತೆಲುಗಿನಲ್ಲಿ ಕೂಗುತ್ತ ಓಡಿಬಂದು ಹಿಂದಿನಿಂದ ಎಳೆದರು. ನಿಲ್ಲಿಸಲು ಗೊತ್ತಿದ್ದರೆ ನಿಲ್ಲಿಸುತ್ತಿರಲಿಲ್ಲವೇ? ಎರಡು ಬ್ಯಾಟರಿ ಹೊತ್ತ ಕುರ್ಚಿ ಅವರ ಕೈಗೆ ಜಗ್ಗಲಿಲ್ಲ. ರಸ್ತೆಯಾಚೆ ಬ್ಯಾಟರಿ ಅಂಗಡಿ ಇಟ್ಟಿರುವ ಮುಬೀನ್ ಲಾರಿಗಳ ನಡುವೆ ಹೇಗೆ ದಾಟಿದರೋ, ಬಂದವರೇ ಸೀಟಿನ ಕೆಳಗೆ ಕೈ ಹಾಕಿ ಏನನ್ನೋ ಕಿತ್ತರು. ಅದೊಂದು ಪ್ಲಗ್ಗು. ಬ್ಯಾಟರಿಯಿಂದ ಮೋಟರಿಗೆ ಹೋಗುವ ವೈರಿನ ಪ್ಲಗ್ಗು. ಅದನ್ನು ಕಿತ್ತ ಕೂಡಲೇ ಚಕ್ರಗಳು ಕಚ್ಚಿಕೊಂಡು ನಿಂತವು. ಎಂಟು ತಿಂಗಳು ಆ ಪ್ಲಗ್ಗಿನ ಮೇಲೆಯೇ ಕೂತಿದ್ದೆ, ಅದು ಅಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ಮುಬೀನ್ ಆಮೇಲೆ ಟೇಪು ಹಿಡಿದು ಅಳೆದರು. ಅಲ್ಲಿಂದ ಡಾಂಬರಿಗೆ ಹನ್ನೊಂದು ಅಡಿ.

ಅಮ್ಮನ ತೊಡೆಮೂಳೆ ಮುರಿಯಿತು. ಆಪರೇಷನ್ ಆಗಿ, ಈಗ ವಾಕರ್ ಹಿಡಿದು ಬಚ್ಚಲವರೆಗೆ ಹೋಗುತ್ತಾಳೆ. ನೋವಿನ ಬಗ್ಗೆ ಒಂದು ದಿನವೂ ಮಾತಾಡಿಲ್ಲ. “ನಾನೇ ಕೈಯಾರೆ ನೀರು ಹಾಕ್ದೆ ಕಣೇ. ನಿನ್ನ ನಾನೇ ಲಾರಿ ಕೆಳಗೆ ತಳ್ತಿದ್ದೆ” ಎಂದು ಮಾತ್ರ ಆಗಾಗ ಹೇಳುತ್ತಾಳೆ. ಅವಳಿಗೆ ಏನು ಉತ್ತರ ಕೊಡಲಿ, ನೀವೇ ಹೇಳಿ.

ವಾರದ ನಂತರ ಮುಬೀನ್ ಕುರ್ಚಿಯನ್ನು ಮಗುಚಿ ಪೆಟ್ಟಿಗೆ ಬಿಚ್ಚಿದರು. ಒಳಗೆ ನೀರು, ಅದರಲ್ಲಿ ಕರಗಿದ ಕುಂಕುಮ. ಆಗಲೇ ಸೀಟಿನ ತಳಭಾಗದಲ್ಲಿ ಅಂಟಿಸಿದ್ದ ಚೀಟಿಯೊಂದನ್ನು ತೋರಿಸಿದರು. ಅದರಲ್ಲಿ ಒಂದು ನಲ್ಲಿಯ ಚಿತ್ರ, ಕೆಳಗೆ ಮೂರು ಹನಿ, ಮೇಲೆ ಕೆಂಪು ಗೀಟು.

“ಇದು ಇಲ್ಲಿ ಅಂಟ್ಸಿದ್ರೆ ಯಾರಿಗ್ ಕಾಣ್ತದೆ ಅಕ್ಕಾ? ಕೂತೋರಿಗಂತೂ ಕಾಣಲ್ಲ, ಬಿದ್ದೋರಿಗೆ ಕಾಣ್ತದೆ” ಎಂದರು ಮುಬೀನ್. ಪೆಟ್ಟಿಗೆ ಒಣಗಿಸಿ, ಕೆಟ್ಟ ವೈರು ಬದಲಿಸಿ, ಕುರ್ಚಿಯನ್ನು ಮತ್ತೆ ಓಡುವಂತೆ ಮಾಡಿಕೊಟ್ಟವರೂ ಅವರೇ.

ನವೆಂಬರಿನಲ್ಲಿ ನಿಮಗೆ ಎಲ್ಲವನ್ನೂ ಬರೆದೆ. ಎರಡು ತಿಂಗಳಿಗೆ ಉತ್ತರ ಬಂತು: “ಸದರಿ ಸಾಧನವನ್ನು ಸುಸ್ಥಿತಿಯಲ್ಲಿ ವಿತರಿಸಿ ಸ್ವೀಕೃತಿ ಸಹಿ ಪಡೆಯಲಾಗಿದೆ. ನೀರಿನಿಂದ ತೊಳೆದಿರುವುದು ಫಲಾನುಭವಿಯ ನಿರ್ಲಕ್ಷ್ಯ.” ಸೊಗಸಾದ ವಾಕ್ಯ. ನನ್ನ ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆ ಕೊಡಬಹುದು, ಒಂದೂ ಕಾಗುಣಿತದ ತಪ್ಪಿಲ್ಲ. ಆದರೆ ನಿರ್ಲಕ್ಷ್ಯವೆಂದರೆ ಗಮನ ಕೊಡದಿರುವುದಲ್ಲವೇ? ಬ್ರಷ್ ಹಿಡಿದು ಸಂದಿಸಂದಿಯ ಧೂಳು ತೆಗೆದ ನಮ್ಮಮ್ಮನದು ನಿರ್ಲಕ್ಷ್ಯವಾದರೆ, ಹನ್ನೊಂದು ಕುರ್ಚಿ ಕೊಟ್ಟು ಆಮೇಲೆ ಒಂದನ್ನೂ ಬಂದು ನೋಡದವರದು ಏನು? ಹೋಗಲಿ, ನನ್ನ ವಿಷಯ ಬಿಡಿ. ಉಳಿದವರಿಗಾದರೂ ತಿಳಿಸಿ, ಇಲ್ಲವೇ ಪಟ್ಟಿ ಕೊಡಿ ಎಂದು ಜೂನಿನಲ್ಲೂ ಆಗಸ್ಟಿನಲ್ಲೂ ಬರೆದೆ. ಉತ್ತರವಿಲ್ಲ. ಫೋನು ಮಾಡಿದರೆ ನಿಮ್ಮ ಗುಮಾಸ್ತರು ಹೇಳಿದ್ದು ಹೀಗೆ: “ಲಿಸ್ಟೆಲ್ಲ ಹಂಗೆ ಕೊಡಕ್ಕಾಗಲ್ಲಮ್ಮ. ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕ್ಕೊಳ್ಳಿ, ಮೂವತ್ತು ದಿನದಲ್ಲಿ ಬರ್ತದೆ.” ಹಬ್ಬಕ್ಕಿರುವುದು ಇಪ್ಪತ್ತಮೂರು ದಿನ.

ಹನ್ನೊಂದು ಜನರಲ್ಲಿ ನನಗೆ ಪರಿಚಯವಿರುವವರು ಒಬ್ಬರೇ. ಸಮಾರಂಭದಲ್ಲಿ ಪಕ್ಕದಲ್ಲಿ ಕೂತಿದ್ದ ಬೈರಕೂರು ಕಡೆಯ ಚನ್ನರಾಯಪ್ಪನವರು. ಮಾವಿನ ಮರದಿಂದ ಬಿದ್ದು ಸೊಂಟ ಹೋದವರು. ಅವತ್ತು ಬರೆದುಕೊಂಡಿದ್ದ ಅವರ ನಂಬರು ಹಳೆಯ ಡೈರಿಯಲ್ಲಿ ಹೋದ ವಾರ ಸಿಕ್ಕಿತು. ಫೋನು ಮಾಡಿ, ಕುರ್ಚಿ ತೊಳೆಯಬೇಡಿ ಎಂದೆ. ಅವರು ನಕ್ಕರು.

“ಹೋದ್ ವರ್ಷ ಬೋರ್‌ವೆಲ್ ಪೈಪಲ್ಲೇ ನೀರ್ ಬಿಟ್ವಲ್ಲಮ್ಮ, ಏನೂ ಆಗ್ಲಿಲ್ಲ.”

“ಆಮೇಲೆ ಸರಿಯಾಗಿ ಓಡ್ತಿದೆಯಾ?”

“ಓಡ್ತದೆ. ಆವಾಗಾವಾಗ ತಂತಾನೇ ಎಡಕ್ಕೆ ಎಳೀತದೆ, ಎತ್ತು ಮೊಂಡಾಟ ಮಾಡ್ದಂಗೆ. ಸ್ಟಿಕ್ ಬಿಟ್ರೂ ಎರಡು ಮಾರು ಹೋಗ್ತದೆ. ಅಭ್ಯಾಸ ಆಗೋಗದೆ ಬಿಡಿ.”

ಈಗ ಎಲ್ಲಿ ಕೂತಿದ್ದೀರಿ ಎಂದು ಕೇಳಿದೆ. ತೋಟದ ಬಾವಿಯ ಹತ್ತಿರ ಎಂದರು. ಬಾವಿಗೆ ಕಟ್ಟೆಯಿದೆಯೇ ಎಂದೆ. ಇಲ್ಲ, ಕಲ್ಲು ಕುಸಿದು ನಾಲ್ಕು ವರ್ಷವಾಯಿತಂತೆ. ಫೋನನ್ನು ಅವರ ಹೆಂಡತಿ ಆಂಜಿನಮ್ಮನವರಿಗೆ ಕೊಡಿಸಿ, ಸೀಟಿನ ಕೆಳಗೆ ಕೈ ಹಾಕಿಸಿ, ಪ್ಲಗ್ಗು ಕೀಳಿಸುವವರೆಗೆ ನಾನು ಫೋನು ಇಡಲಿಲ್ಲ. ಮುಬೀನ್ ಮರುದಿನ ಬೈಕಿನಲ್ಲಿ ಹೋಗಿ ಪೆಟ್ಟಿಗೆ ಬಿಚ್ಚಿ ನೋಡಿದರು. ಒಳಗೆ ತಂತಿಗಳಿಗೆ ಹಸಿರು ಕಿಲುಬು ಹಿಡಿದಿತ್ತಂತೆ. ಹನ್ನೊಂದರಲ್ಲಿ ನನಗೆ ಗೊತ್ತಿರುವ ಎರಡು ಕುರ್ಚಿಗಳೂ ಹೀಗೆ. ಮಿಕ್ಕ ಒಂಬತ್ತು ಎಲ್ಲಿವೆ? ಕೆರೆಯ ದಂಡೆಯಲ್ಲೋ, ಮಾಸ್ತಿಯ ಬಸ್ಸು ತಿರುಗುವ ಜಾಗದಲ್ಲೋ, ಮಹಡಿಯ ಮೇಲೋ? ಕಣ್ಣು ಮುಚ್ಚಿದರೆ ಒಂದೊಂದೂ ಒಂದೊಂದು ಕಡೆ ತಾನಾಗಿ ಹೊರಡುತ್ತದೆ.

ಆ ಜನ ಯಾಕೆ ದೂರು ಕೊಟ್ಟಿಲ್ಲ ಎಂದು ನೀವು ಕೇಳಬಹುದು. ಅದಕ್ಕೂ ಕಾರಣ ಭಯವೇ. ನಿಮ್ಮ ಗುಮಾಸ್ತರು ಫೋನಿಡುವ ಮುಂಚೆ ಇನ್ನೊಂದು ಮಾತು ಹೇಳಿದರು: “ಅಷ್ಟು ತೊಂದ್ರೆ ಇದ್ರೆ ವಾಪಸ್ ಕೊಟ್ಬಿಡಿ, ತಗೊಳ್ಳೋಕೆ ಜನ ಕ್ಯೂ ನಿಂತವ್ರೆ.” ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಇವತ್ತಿಗೂ ಆ ಸ್ಟಿಕ್ಕಿನ ಮೇಲೆ ಬೆರಳಿಡುವ ಮುಂಚೆ ಬೀದಿಬಾಗಿಲು ಮುಚ್ಚಿದೆಯೇ ಎಂದು ನೋಡಿಕೊಳ್ಳುತ್ತೇನೆ. ಆದರೆ ಕುರ್ಚಿಯನ್ನೇ ನೀವು ಒಯ್ದುಬಿಟ್ಟರೆ? ಈಗ ನಮ್ಮಮ್ಮನಿಗೆ ನನ್ನನ್ನು ಎತ್ತುವ ಶಕ್ತಿಯಿಲ್ಲ. ಅಡುಗೆಮನೆಗೆ, ಬಚ್ಚಲಿಗೆ, ಅವಳ ಹಾಸಿಗೆಯ ಬಳಿಗೆ, ನಾನು ಹೋಗಬೇಕಾದದ್ದು ಅದರಲ್ಲಿಯೇ. ಕುರ್ಚಿ ಕಂಡರೆ ನನಗೆ ಭಯ, ಸ್ವಾಮಿ. ಅದಿಲ್ಲದ ಮನೆಯನ್ನು ನೆನೆದರೆ ಇನ್ನೂ ಹೆಚ್ಚಿನ ಭಯ. ಆ ಒಂಬತ್ತು ಮನೆಗಳೂ ಹೀಗೇ ಬಾಯಿ ಮುಚ್ಚಿಕೊಂಡಿವೆ ಎಂದು ನನಗೆ ಖಾತ್ರಿಯಿದೆ. ಆದ್ದರಿಂದ ಈ ಪತ್ರ ಓದಿ ಕೋಪ ಬಂದರೆ ನನ್ನ ಮೇಲೆ ತೀರಿಸಿಕೊಳ್ಳಿ, ಕುರ್ಚಿಗಳನ್ನು ಹಿಂದಕ್ಕೆ ತರಿಸಬೇಡಿ. ಕೊಟ್ಟದ್ದನ್ನು ಬಳಸುವುದು ಹೇಗೆಂದು ಹೇಳಿಕೊಡಿ, ವರ್ಷಕ್ಕೊಮ್ಮೆ ಒಬ್ಬ ಮೆಕ್ಯಾನಿಕ್ಕನ್ನು ಕಳಿಸಿ. ಕೇಳುತ್ತಿರುವುದು ಇಷ್ಟೇ.

ಅದೆಲ್ಲಕ್ಕೆ ಸಮಯ ಬೇಕು, ಮೇಲಿನವರ ಮಂಜೂರಾತಿ ಬೇಕು ಎನ್ನುತ್ತೀರಿ. ಬೇಕಾಗಲಿ. ಹಬ್ಬಕ್ಕೆ ಮುಂಚೆ ಆಗಬೇಕಾದದ್ದನ್ನು ನಾನೇ ಮಾಡಿದ್ದೇನೆ. ಮುಬೀನ್ ಹೇಳಿದಂತೆ ಕನ್ನಡದಲ್ಲಿ ಒಂದು ಪುಟ ಟೈಪ್ ಮಾಡಿದ್ದೇನೆ: ನೀರು ಸುರಿಯಬೇಡಿ, ಬಟ್ಟೆ ಹಿಂಡಿ ಒರೆಸಿ. ಕುಂಕುಮವನ್ನು ಚಕ್ರಕ್ಕಿಡಿ, ಸ್ಟಿಕ್ಕಿಗೆ ಬೇಡ. ಪೂಜೆಯ ಹೊತ್ತಿನಲ್ಲಿ ಪ್ಲಗ್ಗು ಕಿತ್ತಿರಲಿ, ಸೀಟಿನಲ್ಲಿ ಯಾರೂ ಇರಬಾರದು, ಎದುರಿಗೂ ಯಾರೂ ನಿಲ್ಲಬಾರದು. ಈಗಾಗಲೇ ತೊಳೆದಿದ್ದರೆ, ತಿಳಿದವರು ಪೆಟ್ಟಿಗೆ ಬಿಚ್ಚಿ ನೋಡುವವರೆಗೆ ಕೂರಲೇಬೇಡಿ. ಪ್ಲಗ್ಗು ಎಲ್ಲಿದೆಯೆಂದು ಕೆಳಗೆ ಚಿತ್ರ ಬರೆದಿದ್ದೇನೆ. ಓದು ಬಾರದವರಿಗೂ ತಿಳಿಯುತ್ತದೆ.

ಅಂಥ ಒಂಬತ್ತು ಪ್ರತಿಗಳನ್ನು ಒಂಬತ್ತು ಲಕೋಟೆಗಳಲ್ಲಿಟ್ಟು, ಅಂಟಿಸಿ, ಅಂಚೆಚೀಟಿ ಹಚ್ಚಿ, ನಿನ್ನೆ ನಿಮ್ಮ ಕಚೇರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಪಟ್ಟಿಯನ್ನು ನೀವು ನನಗೆ ತೋರಿಸುವುದೂ ಬೇಡ. ಬೀರು ತೆಗೆಯಿರಿ. ಪೆನ್ನು ತೆಗೆದುಕೊಳ್ಳಿ. ಲಕೋಟೆಗಳ ಮೇಲೆ ವಿಳಾಸದ ಜಾಗ ಖಾಲಿ ಬಿಟ್ಟಿದ್ದೇನೆ.

ಇಂತಿ,
ಪ್ಲಗ್ಗು ಕಿತ್ತಿಟ್ಟ ಕುರ್ಚಿಯಲ್ಲಿ ಕೂತು ಇದನ್ನು ಟೈಪ್ ಮಾಡಿದ,
ಮೃದುಲಾ