ಮೊದಲ ಬಿಲ್ಲು ಬಂದ ಮೇಲೆ

ಭಾನುವಾರ, ಮಧ್ಯಾಹ್ನ

ನನ್ನ ಚಿನಕುರುಳಿಗೆ ಅಮ್ಮನ ಮುತ್ತುಗಳು.

ಬರೆದು ಬರೆದು ಹಾಳೆ ಹರಿದು ಹಾಕುತ್ತಿದ್ದೇನೆ. ಅಳುತ್ತಾ ಬರೆದದ್ದನ್ನು ನೀನು ಓದುವುದು ಬೇಡ ಅನ್ನಿಸುತ್ತದೆ. ಇದೂ ಅಂಥದ್ದೇ ಆಗುತ್ತದೇನೋ, ಆದರೂ ಕಳಿಸುತ್ತೇನೆ.

ನಾನೂ ನಿಮ್ಮಪ್ಪನೂ ಬೇರೆಯಾಗಿ ನಾನು ಈ ನೆಲಮಾಳಿಗೆಯ ಕೋಣೆಗೆ ಬಂದಾಗ ಇಲ್ಲಿ ಮೊಬೈಲಿಗೆ ಸಿಗ್ನಲ್ಲೇ ಸಿಗಲಿಲ್ಲ. ದಿನವಿಡೀ ಮಿಷನ್ ಮುಂದೆ ಕೂತು ಅಂಗಡಿಯವರ ಪ್ಯಾಂಟುಗಳ ಅಂಚು ಹೊಲಿಯುವವಳು ನಾನು. ನೀನು ಶಾಲೆ ಬಿಟ್ಟು ಬಂದು ಮಾತಾಡಬೇಕೆಂದರೆ ಹೇಗೆ? ಅದಕ್ಕೇ ಮನೆಫೋನು, ಇಂಟರ್ನೆಟ್ ಎರಡೂ ಸೇರಿದ ಕನೆಕ್ಷನ್ ಹಾಕಿಸಿದೆ. ನನ್ನ ಹೆಸರಿಗೆ ಬಂದ ಮೊದಲ ಬಿಲ್ಲು ಅದು. ಅಲ್ಲಿಯವರೆಗೆ ಎಲ್ಲ ನಿಮ್ಮಪ್ಪನೇ ನೋಡಿಕೊಳ್ಳುತ್ತಿದ್ದರು, ನಾನು ಲಕೋಟೆ ಕೂಡ ಒಡೆದವಳಲ್ಲ.

ಬಿಲ್ಲನ್ನು ಎರಡೆರಡು ಸಲ ಓದಿದೆ. ಕಂಪನಿಯವರು ಹೇಳಿದ್ದರ ಎರಡರಷ್ಟಿತ್ತು. ಕರೆಂಟಿನ ಹಾಗೆ ಉರಿಸಿದಷ್ಟೂ ಏರುತ್ತದೆ ಅಂದುಕೊಂಡೆ. ಯಾರನ್ನಾದರೂ ಕೇಳಬಹುದಿತ್ತು. ಆದರೆ ಯಾರ ಜೊತೆ ಇರುತ್ತೀಯ ಎಂದು ನ್ಯಾಯಾಧೀಶರು ನಿನ್ನನ್ನು ಕೇಳುವ ದಿನ ಹತ್ತಿರ ಬಂದಿತ್ತು. ಒಂದು ಬಿಲ್ಲು ನಿಭಾಯಿಸಲು ಬಾರದವಳು ಮಗಳನ್ನೇನು ಸಾಕುತ್ತಾಳೆ ಅಂತ ಆಡಿಕೊಳ್ಳುತ್ತಾರೆಂದು ಹೆದರಿದೆ. ಬಾಯಿ ಮುಚ್ಚಿಕೊಂಡು, ಗೋಡೆಯ ಮೇಲಿನ ಇಂಟರ್ನೆಟ್ ಡಬ್ಬಿಯ ಸ್ವಿಚ್ ಆರಿಸಿಟ್ಟೆ. ಮಹಾ ಜಾಣೆ!

ಫೋನು ಬೇರೆ, ಇಂಟರ್ನೆಟ್ ಬೇರೆ ಅಂತ ನನ್ನ ಲೆಕ್ಕ. ಫೋನಿನ ಪಕ್ಕದಲ್ಲೇ ಕೂತು ಹೊಲಿದೆ ಕಣೇ. ಮಿಷನ್ ಸದ್ದಿನಲ್ಲಿ ಕೇಳಿಸದೆ ಹೋದೀತೆಂದು ಆಗಾಗ ನಿಲ್ಲಿಸುತ್ತಿದ್ದೆ. ನಾನಾಗಿ ಕರೆ ಮಾಡಿ ನಿನ್ನ ಮನಸ್ಸು ತಿರುಗಿಸಬಾರದು ಎಂದು ವಕೀಲರು ಹೇಳಿದ್ದರು. ನೀನು ಮರೆತೇಬಿಟ್ಟೆ ಅಂತ ಒಳಗೊಳಗೇ ಮುನಿಸಿಕೊಂಡೂ ಇದ್ದೆ.

ಆಮೇಲೆ ನೀನು ನ್ಯಾಯಾಧೀಶರ ಮುಂದೆ ಅಪ್ಪನ ಜೊತೆ ಇರುತ್ತೇನೆ ಅಂದೆಯಂತೆ. ಫೋನು ರಿಂಗಾಗುತ್ತಲೇ ಇರುತ್ತದೆ, ಅಮ್ಮ ಎತ್ತುವುದೇ ಇಲ್ಲ ಅಂದೆಯಂತೆ. ಯಾರೋ ಹೇಳಿಕೊಟ್ಟ ಮಾತೆಂದು ನಾನು ಕೂಗಾಡಿದೆ.

ಮೊನ್ನೆ ಕನೆಕ್ಷನ್ ತೆಗೆಸೋಣವೆಂದು ಕಂಪನಿಯ ಕೌಂಟರಿಗೆ ಹೋದೆ. ಇನ್ನು ಯಾರಿಗಾಗಿ? ಅಲ್ಲಿದ್ದ ಹುಡುಗಿ ಬಿಲ್ಲಿನ ಮೇಲೆ ಬೆರಳಿಟ್ಟು, ಮೊದಲ ಬಿಲ್ಲು ಎಲ್ಲರಿಗೂ ಹೀಗೇ, ಕಳೆದ ದಿನಗಳದ್ದೂ ಮುಂದಿನ ತಿಂಗಳದ್ದೂ ಒಟ್ಟಿಗೆ ಬರುತ್ತದೆ, ಎಷ್ಟು ಬಳಸಿದರೂ ಅಷ್ಟೇ ಅಂದಳು. ಡಬ್ಬಿ ಆರಿಸಿಟ್ಟಿದ್ದೆ ಅಂದಾಗ ನಕ್ಕುಬಿಟ್ಟಳು. ಹಾಗಾದರೆ ಫೋನೂ ಸತ್ತಿರುತ್ತದಲ್ಲ, ಅದು ಓಡುವುದೇ ಡಬ್ಬಿಯಿಂದ ಅಂದಳು. ಕರೆದವರಿಗೆ ಮಾತ್ರ ರಿಂಗ್ ಕೇಳಿಸುತ್ತದಂತೆ. ಮನೆಗೆ ಓಡಿಬಂದು ಮೊದಲು ಡಬ್ಬಿಯ ಸ್ವಿಚ್ ಹಾಕಿದೆ.

ನೀನು ಎಷ್ಟು ಸಲ ಕರೆದೆಯೋ ನನಗೆ ಗೊತ್ತಿಲ್ಲ. ಗೊತ್ತಾದರೆ ತಡೆದುಕೊಳ್ಳಲಾರೆ. ತೀರ್ಪು ಆಗಿಹೋಯಿತು, ಇನ್ನು ತನ್ನಿಂದೇನೂ ಆಗದೆಂದು ವಕೀಲರು ಕೈಚೆಲ್ಲಿದ್ದಾರೆ. ಅಮ್ಮನಿಗೆ ನೀನು ಬೇಡವಾಗಿರಲಿಲ್ಲ ಎಂಬುದೊಂದು ನಿನಗೆ ತಿಳಿದರೆ ಸಾಕು.

ನಿನ್ನ ದಡ್ಡಿ,
ಅಮ್ಮ

ತಾ.ಕ.: ಇದನ್ನೆಲ್ಲ ಬಾಯಲ್ಲೇ ಹೇಳೋಣವೆಂದು ಮೊದಲು ನಿನಗೇ ಫೋನ್ ಮಾಡಿದೆ. ಆ ನಂಬರು ಈಗ ಇಲ್ಲವಂತೆ. ಹೊಸ ನಂಬರು ಕೊಡಿ ಅಂತ ನಿಮ್ಮಪ್ಪನನ್ನು ಕೇಳಿದೆ. ಪಾಪ, ಅವರೂ ತಡವರಿಸಿದರು. ಅಮ್ಮನಿಗೆ ಕೊಡಬೇಡ ಅಂತ ನೀನೇ ಆಣೆ ಮಾಡಿಸಿಕೊಂಡಿದ್ದೀಯಂತೆ.