ಕೆಮ್ಮು ಚೆನ್ನಾಗಿ ಬಂತು

ಜನವರಿ 9

ಮತ್ತೆ ಒಣ ಗಾಳಿ. ಮೋಡವಿಲ್ಲ, ಮಂಜಿಲ್ಲ, ಮಾತಾಡಿದರೆ ತುಟಿ ಒಡೆಯುತ್ತದೆ. ಡಬ್ಬಿಂಗ್ ಕೋಣೆಯ ಕಿಟಕಿಯ ಸಂದಿಗೆ ಸೌಂಡ್ ಇಂಜಿನಿಯರ್ ಸ್ಪಾಂಜ್ ತುರುಕಿದ — ಗಾಳಿಯ ಸಿಳ್ಳೆ ಮೈಕಿಗೆ ಕೇಳುತ್ತದಂತೆ. ಫ್ಯಾನೂ ಬಂದ್. ಬಚ್ಚಲಿನಷ್ಟು ಜಾಗ. ನಾನು ಅನುವಾದಿಸಿದ ಸಂಭಾಷಣೆಯ ಹಾಳೆ ಹಿಡಿದು, ನಾಯಕಿಗೆ ದನಿ ಕೊಡುವಾಕೆಯ ಮಗ್ಗುಲಲ್ಲೇ ಕೂತು ಉಚ್ಚಾರ ತಿದ್ದಿದೆ.

ಮನೆಗೆ ಬಂದರೆ ಅಕ್ಕ ಕಿಟಕಿ ತೆರೆದಿಟ್ಟಿದ್ದಾಳೆ. ಮುಚ್ಚಿದೆ. ಆಪರೇಷನ್ನಿನಲ್ಲಿ ಒಂದು ಶ್ವಾಸಕೋಶದ ಅರ್ಧ ತೆಗೆದಿದ್ದಾರೆ; ಅವಳಿಗೆ ನೆಗಡಿಯೂ ಆಗಕೂಡದು.

"ಉಸಿರಾಡೋಕೂ ನಿನ್ನ ಪರ್ಮಿಷನ್ ಬೇಕೇನೇ? ಒಂದೂವರೆ ಇದ್ರೂ ನಿನಗಿಂತ ಜೋರಾಗಿ ಬೈತೀನಿ, ನೋಡ್ತಿರು."

ಜನವರಿ 10

ನಾಯಕಿ ಹಾಸಿಗೆ ಹಿಡಿಯುವ ದೃಶ್ಯ. ದನಿಯಾಕೆ ಮಾತಿನ ಮಧ್ಯೆ ಕೆಮ್ಮಿದಳು. ಗಾಜಿನಾಚೆ ನಿರ್ದೇಶಕರು ಕುಣಿದೇಬಿಟ್ಟರು.

"ಅಬ್ಬಾ, ಕೆಮ್ಮು ಎಷ್ಟ್ ಚೆನ್ನಾಗಿ ಬಂತು! ಇಟ್ಕೊಳ್ಳೋಣ. ಇನ್ನೊಂದು ಕೊಡಮ್ಮ."

ಕೊಟ್ಟಳು. ಆಮೇಲೆ ಕೇಳದೆಯೂ ಕೊಟ್ಟಳು. ಎಲ್ಲರೂ ನಕ್ಕೆವು. ಇನ್ನೂ ಸ್ವಲ್ಪ ಎದೆಯಿಂದ ಬರಲಿ ಎಂದು ನಾನು ಸಲಹೆ ಬೇರೆ...

ಜನವರಿ 12

ರಜೆ. ಕಿಟಕಿ ಮುಚ್ಚಿ, ಒಂದೇ ಹೊದಿಕೆಯಲ್ಲಿ ಕಾಲು ತೂರಿಸಿ, ಅಕ್ಕನಿಗೆ ಕನ್ನಡಕ್ಕೆ ಬಂದ ವಿದೇಶಿ ಕಾದಂಬರಿಯೊಂದನ್ನು ಓದಿದೆ. ಅನುವಾದ ಪರವಾಗಿಲ್ಲ. ಹೆಸರುಗಳದ್ದೇ ತಾಪತ್ರಯ.

"ಆ ಹೆಸರು ಮುಗಿಯೋ ಹೊತ್ತಿಗೆ ನನ್ನ ಉಸಿರೇ ಮುಗಿಯುತ್ತೆ ಕಣೇ!"

ಜನವರಿ 13

ಸೌಂಡ್ ಇಂಜಿನಿಯರ್ ಫೋನ್ ಮಾಡಿದ. ದನಿಯಾಕೆಗೆ ಫ್ಲೂ, ಟೆಸ್ಟಿನಲ್ಲಿ ಖಚಿತವಾಗಿದೆ. ಅವನ ಗಂಟಲೂ ಕಟ್ಟಿತ್ತು. ನನಗೂ ಬೆಳಗಿನಿಂದ ಗಂಟಲಲ್ಲಿ ಮುಳ್ಳು. ಅಕ್ಕನ ಡಾಕ್ಟರಿಗೆ ಫೋನ್ ಮಾಡಿದೆ. ಚಳಿ ತಾಕದಿರಲೆಂದು ಕಿಟಕಿ ಮುಚ್ಚಿಯೇ ಇಟ್ಟಿದ್ದೆ ಎಂದೆ.

"ಅದೇ ತಪ್ಪಾಗಿದ್ದು. ಚಳಿಗೆ ಎಲ್ಲರೂ ಬಾಗಿಲು ಹಾಕ್ಕೊಂಡು ಒಬ್ಬರ ಉಸಿರು ಒಬ್ಬರು ಕುಡೀತೀರಿ. ಗಾಳಿ ಒಣಗಿದ್ರೆ ಕೆಮ್ಮಿನ ಹನಿ ಹಗುರಾಗಿ, ಕೆಳಗೆ ಬೀಳದೆ ತೇಲ್ತಾ ಇರುತ್ತೆ. ಕಿಟಕಿ ತೆಗೀರಿ. ಅವರಿಗೆ ಬೆಚ್ಚಗೆ ಹೊದಿಸಿ. ನೀವು ದೂರ ಇರಿ."

ನನ್ನ ಹಾಸಿಗೆ ಹೊರಕೋಣೆಗೆ ಎಳೆದೆ.

"ಏನೇ ಇದು, ಬಾಡಿಗೆಗೆ ಬಂದವರ ಹಾಗೆ?"

"ಫ್ಲೂ ಇರಬಹುದು."

ನನ್ನ ದಿಂಬನ್ನು ತಾನೇ ತಂದು ಬಾಗಿಲಾಚೆ ಇಟ್ಟಳು.

ಜನವರಿ 15

ಜ್ವರ. ಮೈಯೆಲ್ಲ ಕುಟ್ಟಿದ ಹಾಗೆ. ಅಕ್ಕನಿಗೆ ಡಾಕ್ಟರು ಮುಂಜಾಗ್ರತೆಗೆ ಮಾತ್ರೆ ಶುರು ಮಾಡಿಸಿದ್ದಾರೆ. ಕಿಟಕಿಗಳೆಲ್ಲ ತೆರೆದಿವೆ, ಪರದೆ ಸೂರಿಗೆ ಹಾರುತ್ತಿದೆ. ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಮತ್ತೆ ಮತ್ತೆ ಬಾಗಿಲಿಗೆ ಕಿವಿ.

"ಬದುಕಿದ್ದೀನಿ, ಹೋಗೇ! ಕದ್ದು ಕೇಳೋ ಬದಲು ಅಲ್ಲಿಂದಲೇ ಮುಂದಿಂದು ಓದು."

ಕೂಗಿ ಓದಿದೆ, ದನಿ ಒಡೆಯುವವರೆಗೆ.

ಜನವರಿ 16, ಬೆಳಿಗ್ಗೆ

ನನ್ನ ಜ್ವರ ಇಳಿದಿದೆ. ಆಕಾಶ ಹಾಗೆಯೇ, ಬೋಳು. ಅಕ್ಕ ಎದ್ದಳು — ಮಂಚದ ಕಿರಕಿರ, ಲೋಟದ ಸದ್ದು. ಆಮೇಲೆ ಒಂದು ಕೆಮ್ಮು.

"ಅಕ್ಕಾ?"

"ನೀರು ನೆತ್ತಿಗೇರ್ತು. ಅಷ್ಟಕ್ಕೆ ಯಾಕೆ ಹಾಗೆ ಕೂಗ್ತೀಯ?"

ಇರಬಹುದು. ನೀರೇ ಇರಬಹುದು. ಬಾಗಿಲಿಗೊರಗಿ ಕೂತು ಬರೆಯುತ್ತಿದ್ದೇನೆ. ಇನ್ನೊಂದು ಕೆಮ್ಮು ಬರದಿದ್ದರೆ ನೀರೇ. ಬರದಿದ್ದರೆ —